ಬಾಳೆಯ ಎಲೆಚುಕ್ಕೆ ರೋಗ ಮತ್ತು ಉಪಕಾರಿ ಬ್ಯಾಕ್ಟೀರಿಯಾ
(ಉಪನ್ಯಾಸದ ಪೂರ್ಣಪಾಠ)



ಮಲೆನಾಡಿನ ಅಡಿಕೆ ತೋಟದಲ್ಲಿ ಬಾಳೆಯು ಎಳೆಯ ಸಸಿಗೆ ನೆರಳು, ಮನೆಗೆ ಊಟದ ಎಲೆ, ಪೇಟೆಗೆ ಗೊನೆ. ಮಳೆಗಾಲದಲ್ಲಿ ಈ ಬಾಳೆಯ ಎಲೆಗಳ ಮೇಲೆ ಹಳದಿ ಗೆರೆಗಳು ಮೂಡಿ, ಕಂದು ಚುಕ್ಕೆಗಳಾಗಿ, ಕೊನೆಗೆ ಎಲೆಯೇ ಸುಟ್ಟಂತೆ ಒಣಗುತ್ತದೆ. ಇದು ಸಿಗಟೋಕ ಎಲೆಚುಕ್ಕೆ ರೋಗ. ಫಿಜಿ ದೇಶದ ಸಿಗಟೋಕ ಕಣಿವೆಯಿಂದ ಬಂದ ಹೆಸರು. ರೋಗಕ್ಕೆ ಕಾರಣ ಒಂದು ಶಿಲೀಂಧ್ರ. ಎಲೆ ಕಳೆದುಕೊಂಡ ಗಿಡದ ಕಾಯಿ ತುಂಬುವುದಿಲ್ಲ. ಗೊನೆ ಅಕಾಲದಲ್ಲಿ ಹಣ್ಣಾಗುತ್ತದೆ.

ಸುಳಿ ಬಿಚ್ಚಿಕೊಳ್ಳುವ ಹೊತ್ತಿನಲ್ಲೇ ಶಿಲೀಂಧ್ರವು ಪತ್ರರಂಧ್ರಗಳ ಮೂಲಕ ಒಳಹೊಗುತ್ತದೆ. ಚುಕ್ಕೆ ಕಾಣುವುದು ವಾರಗಳ ಬಳಿಕ. ಆದುದರಿಂದ ಉಪಕಾರಿ ಬ್ಯಾಕ್ಟೀರಿಯಾವು ಔಷಧಿಯಲ್ಲ, ಕಾವಲು. ಶತ್ರುವಿಗಿಂತ ಮೊದಲೇ ಎಲೆಯ ಮೇಲೆ ನೆಲೆಸಿದರಷ್ಟೇ ಅದರಿಂದ ಪ್ರಯೋಜನ. ಬ್ಯಾಸಿಲಸ್ ಸಬ್ಟಿಲಿಸ್ ಶಿಲೀಂಧ್ರದ ಕೋಶಪೊರೆಯನ್ನು ಕೆಡಿಸುವ ವಸ್ತುಗಳನ್ನು ಸ್ರವಿಸುತ್ತದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟುಕೊಂಡು ಶತ್ರುವನ್ನು ಸೊರಗಿಸುತ್ತದೆ. ಬೇರಿನಲ್ಲಿ ನೆಲೆಸಿ ಗಿಡದ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ.

ಮಲೆನಾಡಿನ ತೊಡಕು ಇರುವುದು ಮುಂದಿನ ಸಂಗತಿಯಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅಡಿಕೆ ಬೆಳೆಗಾರನ ಬದುಕನ್ನು ಉಳಿಸಿದ ದ್ರಾವಣವದು. ಅದನ್ನು ಏಕಾಏಕಿ ಕೈಬಿಡುವುದು ದುಸ್ಸಾಹಸವೇ ಸರಿ. ಆದರೆ ತಾಮ್ರವು ಬ್ಯಾಕ್ಟೀರಿಯಾಗಳಿಗೂ ಮಾರಕ. ಕೊನೆಗಳಿಗೆ ಹೊಡೆದ ದ್ರಾವಣ ಕೆಳಗಿನ ಬಾಳೆಯ ಮೇಲೆ ತೊಟ್ಟಿಕ್ಕುತ್ತದೆ. ತಾಮ್ರವು ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಶೇಖರವಾಗುತ್ತದೆ. ಒಂದು ಕೈಯಿಂದ ಕಾವಲುಗಾರರನ್ನು ನೇಮಿಸಿ, ಇನ್ನೊಂದು ಕೈಯಿಂದ ಅವರನ್ನೇ ಕೊಲ್ಲುವಂತಾಗಬಾರದು.

ಆದುದರಿಂದ ಇವೆರಡನ್ನು ಎಂದೂ ಬೆರೆಸಬಾರದು. ಬೋರ್ಡೋ ಬಳಸಿದ ಪಂಪನ್ನು ಚೆನ್ನಾಗಿ ತೊಳೆಯದೆ ಬ್ಯಾಕ್ಟೀರಿಯಾ ತುಂಬಬಾರದು. ಅಡಿಕೆಯ ಕೆಳಗಿನ ಬಾಳೆಗೆ, ನೆಡುವಾಗಲೇ, ಕಳಿತ ಗೊಬ್ಬರದೊಡನೆ ಬುಡಕ್ಕೆ ಕೊಡುವುದು ಮೇಲು. ಪ್ರತ್ಯೇಕ ಬಾಳೆತೋಟದಲ್ಲಿ ಸಂಜೆಯ ತಂಪಿನಲ್ಲಿ, ಹೊಸ ಎಲೆಗಳ ಅಡಿಭಾಗವೂ ನೆನೆಯುವಂತೆ ಸಿಂಪಡಿಸಬೇಕು. ಸುಡುಬಿಸಿಲು ಈ ಜೀವಿಗಳಿಗೆ ಸಲ್ಲದು. ಪೊಟ್ಟಣ ಕೊಳ್ಳುವಾಗ ಅವಧಿ ಮುಗಿದಿದೆಯೇ, ಅಂಗಡಿಯವರು ಬಿಸಿಲಿನಲ್ಲಿ ಇಟ್ಟಿದ್ದರೇ ಎಂಬುದನ್ನು ವಿಚಾರಿಸಬೇಕು. ಸತ್ತ ಜೀವಾಣುಗಳ ಪುಡಿಗೆ ಹಣ ತೆತ್ತು ಫಲವಿಲ್ಲ.

ರೋಗ ತಗುಲಿದ ಎಲೆಗಳನ್ನು ಕತ್ತರಿಸುವುದು, ಬಸಿಗಾಲುವೆ ತೆರೆಯುವುದು, ಕಂದುಗಳನ್ನು ಮಿತಗೊಳಿಸಿ ಗಾಳಿಯಾಡಲು ಬಿಡುವುದು — ಈ ಹಳೆಯ ಕೆಲಸಗಳಿಗೆ ಬ್ಯಾಕ್ಟೀರಿಯಾ ಬದಲಿಯಲ್ಲ, ಜೊತೆಗಾರ. ಈ ಮಳೆಗಾಲಕ್ಕೆ ಮುನ್ನ ತೋಟದ ಒಂದು ಮೂಲೆಯಲ್ಲಿ ಪ್ರಯೋಗಿಸಿ, ಗೊನೆ ಕಡಿಯುವ ದಿನ ಗಿಡದಲ್ಲಿ ಉಳಿದಿರುವ ಹಸಿರೆಲೆಗಳನ್ನು ಎಣಿಸಿ ನೋಡಿ. ನಿರ್ಣಯವನ್ನು ಆ ಎಣಿಕೆಯೇ ಹೇಳಲಿ.