ಕಂಪ್ಯೂಟರಿನ ಪಾಲನೆಯೂ ವಿದ್ಯಾರ್ಥಿಯ ಶಿಕ್ಷಣವೂ

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮಕ್ಕಳನ್ನು ಶಾಲೆಗೆ ಕಳುಹುವುದು ಓದುವುದಕ್ಕೋ, ಕಂಪ್ಯೂಟರ್ ದುರಸ್ತಿ ಮಾಡುವುದಕ್ಕೋ ಎಂದು ರಕ್ಷಕರಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದು. ಅದಕ್ಕೆ ಉತ್ತರ ಹೇಳುವುದು ಶಾಲೆಯ ಕರ್ತವ್ಯ.

ಕೇರಳದ ಪ್ರೌಢಶಾಲೆಗಳಲ್ಲಿ ೨೦೧೮ರ ಜನವರಿಯಲ್ಲಿ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳು ಆರಂಭವಾದುವು. 'ಕೈಟ್' ಎಂಬ ಸರಕಾರಿ ಸಂಸ್ಥೆಯು ಇವನ್ನು ನಡೆಸುತ್ತದೆ. ಎಂಟನೆಯ ತರಗತಿಯಲ್ಲಿ ಅಭಿರುಚಿ ಪರೀಕ್ಷೆಯಿಂದ ಸದಸ್ಯರನ್ನು ಆರಿಸುತ್ತಾರೆ. ತರಗತಿಯ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳ ಪಾಲನೆಯಲ್ಲಿ ಅಧ್ಯಾಪಕರಿಗೆ ನೆರವಾಗುವುದೂ ಇವರ ಕೆಲಸಗಳಲ್ಲಿ ಒಂದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ಬಾಗಿಲು ತೆರೆದಿದೆ.

ಇಂತಹ ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದುದು ತಿರುಪು ಬಿಚ್ಚುವುದನ್ನಲ್ಲ, ಕೇಳುವುದನ್ನು. ಪರದೆಯ ಮೇಲೆ ಚಿತ್ರ ಮೂಡದಿದ್ದರೆ, "ಏನಾಯಿತು? ಎಂದಿನಿಂದ ಹೀಗಿದೆ?" ಎಂದು ವಿನಯದಿಂದ ವಿಚಾರಿಸಬೇಕು. ಬಳಿಕ ಸುಲಭವಾದುದರಿಂದ ಕಠಿನವಾದುದರತ್ತ ಸಾಗಬೇಕು. ವಿದ್ಯುತ್ತು ಬರುತ್ತಿದೆಯೇ? ತಂತಿ ಸಡಿಲವಾಗಿದೆಯೇ? ಚಿತ್ರವನ್ನು ಪ್ರೊಜೆಕ್ಟರಿಗೆ ಕಳುಹುವಂತೆ ಲ್ಯಾಪ್‌ಟಾಪಿಗೆ ಸೂಚನೆ ಕೊಟ್ಟಿದೆಯೇ? ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಕೂಡಿಯೇ ಬದಲಾಯಿಸಿದರೆ ದೋಷವೆಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ. ವಿಜ್ಞಾನದ ಪಾಠದಲ್ಲಿ ನಾವು ಬೋಧಿಸುವ ಕ್ರಮವೂ ಇದೇ ಅಲ್ಲವೇ?

ಕೆಲಸ ಕಲಿಸಿದರೆ ಸಾಲದು, ಅದಕ್ಕೊಂದು ಕಟ್ಟುಪಾಡೂ ಬೇಕು. ಒಂಬತ್ತನೆಯ ತರಗತಿಯವನೊಬ್ಬ, ಎಂಟನೆಯ ತರಗತಿಯವನೊಬ್ಬ ಜೊತೆಯಾಗಿ ಹೋಗಲಿ. ಹಿರಿಯನು ಬಾಯಲ್ಲಿ ಹೇಳಲಿ, ಕಿರಿಯನು ಕೈಯಾರೆ ಮಾಡಲಿ. ಹಿರಿಯನು ಶಾಲೆ ಬಿಟ್ಟ ಮೇಲೂ ವಿದ್ಯೆಯು ಶಾಲೆಯಲ್ಲೇ ಉಳಿಯುತ್ತದೆ. ದಿನಾಂಕ, ಕೋಣೆ, ದೋಷ, ಪರಿಹಾರ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಂತ್ರದ ಹೊದಿಕೆ ಬಿಚ್ಚುವುದು, ವಿದ್ಯುತ್ ಸಂಪರ್ಕ ಸರಿಪಡಿಸುವುದು ಮಕ್ಕಳಿಗೆ ಸರ್ವಥಾ ನಿಷಿದ್ಧ. ಅನ್ಯರ ಗುಪ್ತಪದವನ್ನು ಕೇಳಲೂ ಬಾರದು, ಕೇಳದೆಯೇ ತಿಳಿದರೂ ಬಳಸಬಾರದು. ಪಾಠದ ನಡುವೆ ಯಾರನ್ನೂ ಎಬ್ಬಿಸಿ ಕಳುಹಕೂಡದು. ಪರೀಕ್ಷೆಯ ದಿನಗಳಲ್ಲಿ ಅವರಿಗೆ ಈ ಕೆಲಸದಿಂದ ಪೂರ್ಣ ಬಿಡುವಿರಬೇಕು. ವಿದ್ಯಾರ್ಥಿಯು ಕಲಿಯುವವನೇ ಹೊರತು ಸಂಬಳವಿಲ್ಲದ ಆಳಲ್ಲ ಎಂಬುದನ್ನು ಅಧ್ಯಾಪಕರಾದ ನಾವು ಮರೆಯಬಾರದು.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ಪ್ರಯೋಜನವುಂಟು. 'ಇನ್‌ಸ್ಕ್ರಿಪ್ಟ್' ಎಂಬ ಕೀಲಿಮಣೆಯ ವಿನ್ಯಾಸದಲ್ಲಿ ಮಲಯಾಳದ 'ಕ'ಕಾರವೂ ಕನ್ನಡದ 'ಕ'ಕಾರವೂ ಒಂದೇ ಕೀಲಿಯಲ್ಲಿವೆ. ಉಳಿದ ಸಮಾನ ಅಕ್ಷರಗಳೂ ಹಾಗೆಯೇ. ಒಂದು ಭಾಷೆಯಲ್ಲಿ ಪಳಗಿದ ಬೆರಳಿಗೆ ಮತ್ತೊಂದು ಕಷ್ಟವಲ್ಲ. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಒತ್ತಕ್ಷರ ಮೂಡದೆ ಅಧ್ಯಾಪಕರು ತೊಡಕಿಗೆ ಸಿಲುಕಿದಾಗ, ಕನ್ನಡವರಿಯದ ದುರಸ್ತಿಗಾರನಿಂದ ಆಗದ ಸಹಾಯವು ನಮ್ಮ ವಿದ್ಯಾರ್ಥಿಯಿಂದ ಆದೀತು.

ಆದುದರಿಂದ ರಕ್ಷಕ ಬಂಧುಗಳೆ, ನಿಮ್ಮ ಮಗಳೋ ಮಗನೋ ಈ ಕೆಲಸಕ್ಕೆ ಸೇರಿದರೆ, "ಇಂದು ಎಷ್ಟು ಯಂತ್ರ ಸರಿಮಾಡಿದೆ?" ಎಂದು ಕೇಳಬೇಡಿ, "ಇಂದು ಯಾರಿಗೆ ಏನನ್ನು ಕಲಿಸಿದೆ?" ಎಂದು ಕೇಳಿ. ಪಾಠಕ್ಕೆ ಅಡ್ಡಿಯಾಗುತ್ತಿದೆಯೆಂದು ಕಂಡರೆ ಸಂಕೋಚವಿಲ್ಲದೆ ಶಾಲೆಗೆ ಬಂದು ತಿಳಿಸಿ. ಯಂತ್ರ ಇಂದಲ್ಲ ನಾಳೆ ಹಳತಾಗುತ್ತದೆ. ತಾಳ್ಮೆಯಿಂದ ಕೇಳಿ, ಕ್ರಮವಾಗಿ ಯೋಚಿಸಿ, ಅರಿತುದನ್ನು ಇನ್ನೊಬ್ಬರಿಗೆ ದಾಟಿಸುವ ಗುಣವು ಮಕ್ಕಳೊಂದಿಗೆ ಉಳಿಯಲಿ ಎಂದು ಹಾರೈಸಿ ವಿರಮಿಸುತ್ತೇನೆ.