ಗೋಠಾದ ಗಾಳಿಯನ್ನು ತೂಗುವುದು ಹೇಗೆ?



ನಮ್ಮ ಫೋನ್-ಇನ್ ಕಾರ್ಯಕ್ರಮದಲ್ಲಿ ಹಡಪ್ಸರದ ಕೇಳುಗರೊಬ್ಬರು ಹೀಗೆ ಕೇಳಿದ್ದರು: “ದನ ತೇಗಿದರೆ ಭೂಮಿ ಬಿಸಿಯಾಗುತ್ತದೆ ಅಂತ ಪೇಪರಿನಲ್ಲಿ ಬರೀತಾರಲ್ಲ, ಆ ತೇಗನ್ನು ತೂಗಿ ನೋಡಿದವರು ಯಾರು?” ಸ್ಟುಡಿಯೋದಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಓದುತ್ತಾ ಹೋದಂತೆ ಪ್ರಶ್ನೆ ಎಷ್ಟು ತೂಕದ್ದು ಎಂದು ತಿಳಿಯಿತು. ಪುಣೆಯ ಅಂಚಿನಲ್ಲಿ ಹತ್ತು ಎಮ್ಮೆ ಕಟ್ಟಿಕೊಂಡು ಹಾಲು ಹಾಕುವವರ ಗೋಠಾದ ಪಕ್ಕದಲ್ಲೇ ಇಂದು ಹೊಸ ಸೊಸೈಟಿ ಎದ್ದಿರುತ್ತದೆ. ಮೂರನೇ ಮಹಡಿಯವರು ವಾಸನೆ ಎಂದು ದೂರುತ್ತಾರೆ. ಗೋಠಾದವರು ಏನೂ ಇಲ್ಲ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಭೂಮಿ ಬಿಸಿಯಾಗುವುದಕ್ಕೆ ಕಾರಣವಾಗುವ ಮೀಥೇನ್‌ಗೆ ವಾಸನೆಯೇ ಇಲ್ಲ. ಮೇವು ಹೊಟ್ಟೆಯ ಮೊದಲ ಕೋಣೆಯಲ್ಲಿ ಕೊಳೆಯುವಾಗ ಅದು ಹುಟ್ಟುತ್ತದೆ, ಬಹುಪಾಲು ಬಾಯಿ ಮೂಗಿನಿಂದಲೇ ಹೊರಬೀಳುತ್ತದೆ. ಹಿಂಬದಿಯಿಂದ ಎನ್ನುವುದು ತಮಾಷೆಯ ಮಾತು. ಕಣ್ಣು ಉರಿಸುವುದು ಅಮೋನಿಯಾ. ಗಂಜಲದಲ್ಲಿ ಯೂರಿಯಾ ಇದೆ, ಸೆಗಣಿಯಲ್ಲಿ ಅದನ್ನು ಒಡೆಯುವ ಕಿಣ್ವ ಇದೆ. ಎರಡೂ ಬೇರೆ ಬೇರೆ ಇದ್ದಷ್ಟು ಹೊತ್ತು ತಾಪತ್ರಯ ಕಡಿಮೆ, ಕಲೆತವೋ ಅಮೋನಿಯಾ ಏಳುತ್ತದೆ. ಬಿಸಿಲು ಏರಿದಷ್ಟೂ ಹೆಚ್ಚು. ನಮ್ಮ ಹಳ್ಳಿಯ ಮನೆಗಳ ದನದ ಕೊಟ್ಟಿಗೆಯಲ್ಲಿ ನೆಲ ಇಳಿಜಾರಾಗಿ, ಗಂಜಲ ಹರಿದು ಹೋಗಲು ಸಣ್ಣ ಕಾಲುವೆ ಇರುತ್ತಿದ್ದುದು ನೆನಪಿದೆಯೇ? ರಸಾಯನಶಾಸ್ತ್ರ ಓದದ ಹಿರಿಯರ ಕೆಲಸ ಅದು.

ಈಗ ಅಳತೆಗೆ ಬರೋಣ. ಗಾಳಿಯಲ್ಲಿ ಅಮೋನಿಯಾ ಎಷ್ಟಿದೆ ಎನ್ನುವುದನ್ನು ತಿಳಿಯುವುದು ಕಷ್ಟವಲ್ಲ. ಬಣ್ಣ ಬದಲಾಗುವ ಗಾಜಿನ ಕೊಳವೆಯೂ ಇದೆ, ಎಲೆಕ್ಟ್ರಾನಿಕ್ ಮೀಟರೂ ಇದೆ. ಕಷ್ಟ ಇರುವುದು ಮುಂದಿನ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಗ್ರಾಂ ಹೊರಗೆ ಹೋಯಿತು ಎನ್ನಬೇಕಾದರೆ ಗಂಟೆಗೆ ಎಷ್ಟು ಗಾಳಿ ಹೊರಗೆ ಹೋಯಿತು ಎನ್ನುವುದೂ ಗೊತ್ತಿರಬೇಕು. ಗೋಡೆ ಮುಚ್ಚಿ ಫ್ಯಾನ್ ಹಾಕಿದ ಕೋಳಿ ಶೆಡ್ಡಿನಲ್ಲಿ ಫ್ಯಾನಿನ ಲೆಕ್ಕ ಸಿಗುತ್ತದೆ. ನಮ್ಮ ಗೋಠಾ? ಮೇಲೆ ತಗಡು, ನಾಲ್ಕು ಕಡೆ ಬಯಲು. ಗಾಳಿ ಬೆಳಿಗ್ಗೆ ಒಂದು ಕಡೆಯಿಂದ ಬಂದರೆ ಸಂಜೆ ಇನ್ನೊಂದು ಕಡೆಯಿಂದ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ದನವೇ ಬಿಡುವ ಇಂಗಾಲದ ಡೈಆಕ್ಸೈಡನ್ನು ಅಳತೆಗೋಲು ಮಾಡಿಕೊಂಡರು. ಪ್ರಾಣಿಯ ತೂಕ, ಹಾಲು ಗೊತ್ತಿದ್ದರೆ ಅದು ಉಸಿರಲ್ಲಿ ಬಿಡುವುದನ್ನು ಅಂದಾಜು ಮಾಡಬಹುದು: ಮೈಯಿಂದ ಒಂದು ಕಿಲೋವಾಟ್ ಶಾಖ ಬಿಡುವ ಹಸು ಗಂಟೆಗೆ ಸುಮಾರು 200 ಲೀಟರ್. ಅಂಥ ಹತ್ತು ಹಸು ಇವೆ ಎಂದುಕೊಳ್ಳಿ, 2000 ಲೀಟರ್ ಆಯಿತು. ಒಳಗಿನ ಗಾಳಿಯಲ್ಲಿ ಹೊರಗಿಗಿಂತ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 400 ಪಾಲು ಹೆಚ್ಚಿದೆ, ಅಮೋನಿಯಾ 4 ಪಾಲು ಹೆಚ್ಚಿದೆ ಅನ್ನಿ. ನೂರಕ್ಕೆ ಒಂದು. ಹಾಗಾದರೆ ಅಮೋನಿಯಾ ಗಂಟೆಗೆ 20 ಲೀಟರ್, ಅಂದರೆ ಸುಮಾರು 14 ಗ್ರಾಂ. ಗಾಳಿ ಎಷ್ಟು ಬೀಸಿತು ಎಂದು ಕೇಳುವ ಗೊಡವೆಯೇ ಇಲ್ಲ! ಒಂದು ತೊಡಕು ಇದೆ. ಗೋಠಾ ತೀರಾ ಬಯಲಾಗಿದ್ದರೆ ಒಳಗೆ ಹೊರಗೆ ವ್ಯತ್ಯಾಸ ಎಷ್ಟು ಸಣ್ಣದಾಗುತ್ತದೆ ಎಂದರೆ ಮೀಟರಿನ ತಪ್ಪೇ ಅದಕ್ಕಿಂತ ದೊಡ್ಡದಾಗಬಹುದು. ಬೇಸಿಗೆ, ಮಳೆ, ಚಳಿ, ಹಗಲು, ರಾತ್ರಿ ಎಲ್ಲ ಅಳೆಯಬೇಕು. ಒಂದು ಮಧ್ಯಾಹ್ನ ಬಂದು ಅಳೆದು ಹೋದವರ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇನ್ನು ತೇಗಿನ ಮಾತು. ಹೌದು, ತೂಗಿದ್ದಾರೆ. 1994ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು ಒಂದು ವಿಧಾನ ಪ್ರಕಟಿಸಿದರು. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಗೊತ್ತಾದ ಪ್ರಮಾಣದಲ್ಲಿ ಮೆಲ್ಲಗೆ ಬಿಡುವ ಪುಟ್ಟ ಕೊಳವೆಯನ್ನು ಹಸುವಿನ ಹೊಟ್ಟೆಗೆ ಇಳಿಸಿ, ಕೊರಳಿಗೆ ಡಬ್ಬಿ ಕಟ್ಟಿ ಉಸಿರು ಹಿಡಿಯುವುದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ನಮ್ಮ ದನಗಳ ಮೇಲೂ ಇದನ್ನು ಮಾಡಿದ್ದಾರೆ. ಮೀಥೇನ್ ತಗ್ಗಿಸಲು ಅವರು ರೂಪಿಸಿದ ‘ಹರಿತ ಧಾರಾ’ ಎಂಬ ಪೂರಕ ಆಹಾರದಲ್ಲಿರುವುದು ಟ್ಯಾನಿನ್ ಇರುವ ಗಿಡಮೂಲ ಪದಾರ್ಥ.

ಈ ಅಂಕಿ ನಮಗೇಕೆ? 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 19 ಕೋಟಿ ದನ, 11 ಕೋಟಿ ಎಮ್ಮೆ-ಕೋಣಗಳಿವೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ ಭಾರತ ಉಪಖಂಡದ ಒಂದು ಹಾಲಿನ ಹಸುವಿಗೆ ವರ್ಷಕ್ಕೆ 58 ಕಿಲೋ ಮೀಥೇನ್ ಎಂದು ಬರೆಯಿತು. ಸೋಗೆ, ಕಣಿಕೆ ತಿನ್ನುವ ಹಸುವಿಗೂ, ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ಹಳ್ಳಿಹಳ್ಳಿಗೆ ಮುಟ್ಟಿಸಿದ ಮಿಶ್ರತಳಿಗೂ ಒಂದೇ ಅಂಕಿ ಹಚ್ಚಿದರೆ ನ್ಯಾಯವೇ? ಇಲ್ಲಿನ ಮೇವಿಗೆ ಇಲ್ಲಿಯೇ ಅಳೆಯಬೇಕು ಎನ್ನುವುದು ಅದಕ್ಕೇ.

ದೂರದ ಭೂಮಿಯ ಚಿಂತೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಹತ್ತಿರದ ಮನುಷ್ಯ. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು ಶೆಡ್ಡಿನ ಮೂಲೆಯಲ್ಲೇ ಮಲಗುವುದುಂಟು. ಅಮೋನಿಯಾ ಹತ್ತು ಲಕ್ಷಕ್ಕೆ ಸುಮಾರು 5 ಪಾಲು ಆದಾಗ ಹೊಸಬರ ಮೂಗಿಗೆ ಗೊತ್ತಾಗುತ್ತದೆ. ಅಲ್ಲೇ ಇರುವವರ ಮೂಗು ಒಗ್ಗಿಹೋಗಿರುತ್ತದೆ, ಹಾಗಾಗಿಯೇ ಗೋಠಾದವರು “ಏನೂ ಇಲ್ಲ” ಎನ್ನುವುದು ಸುಳ್ಳಲ್ಲ. ಕಾರ್ಖಾನೆ ಕಾಯಿದೆಯ ಪಟ್ಟಿ ಎಂಟು ಗಂಟೆಯ ಪಾಳಿಗೆ 25 ಪಾಲಿನ ಮಿತಿ ಹಾಕಿತ್ತು. ಗೋಠಾದಲ್ಲಿ ಪಾಳಿ ಎಲ್ಲಿಯದು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೈರಿ, ಗೋಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿದ್ದು ನಿಜ. ಆದರೆ ಅಲ್ಲಿ ಮಲಗುವವನ ಮೂಗಿನ ಹತ್ತಿರ ಮೀಟರು ಹಿಡಿದವರನ್ನು ನಾನು ಇನ್ನೂ ನೋಡಿಲ್ಲ.

ನಿಮ್ಮಲ್ಲಿ ಯಾರಾದರೂ ಗೋಠಾ ಇಟ್ಟಿದ್ದರೆ ಒಂದು ಕೆಲಸ ಮಾಡಿ. ಬೆಳಗಿನ ಜಾವ, ಸೆಗಣಿ ಬಾಚುವ ಮೊದಲು, ರಾತ್ರಿ ಮನೆಯಲ್ಲಿ ಮಲಗಿದ್ದವರೊಬ್ಬರನ್ನು ಕರೆದುಕೊಂಡು ಹೋಗಿ. ಕರು ಮಲಗುವ ಎತ್ತರಕ್ಕೆ ಅವರು ಕುಕ್ಕರಗಾಲಲ್ಲಿ ಕೂತು ಉಸಿರೆಳೆದು ನೋಡಲಿ. ಕಣ್ಣಲ್ಲಿ ನೀರು ಬಂದರೆ ಮೊದಲು ಗಂಜಲದ ಕಾಲುವೆ ಬಿಡಿಸಿ, ಮೀಟರು ಆಮೇಲೆ ತಂದರಾಯಿತು.