ಜನ್ಮದಿನಾಂಕ ಮತ್ತು ನೇಣುಗಂಬ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಸೇವಾ ಪುಸ್ತಕದಲ್ಲಿ ನನ್ನ ಜನ್ಮದಿನಾಂಕ ಜೂನ್ 1 ಎಂದು ದಾಖಲಾಗಿದೆ. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಇನ್ನೂ ಕೆಲವರು ಜೂನ್ 1ರಂದೇ ಹುಟ್ಟಿದವರಿದ್ದಾರೆಂದು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಊರುಗಳಲ್ಲಿ ನಮಗೆ ಜನ್ಮ ಕೊಟ್ಟವರು ತಾಯಂದಿರು; ಜನ್ಮದಿನಾಂಕ ಕೊಟ್ಟವರು ಶಾಲೆಯ ಮಾಸ್ತರರು. ನವರಾತ್ರಿಯ ಮಳೆಯಲ್ಲಿ ನಾನು ಹುಟ್ಟಿದೆನೆಂದು ನನ್ನ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಆದರೆ ತಾಯಿಯ ಮಾತನ್ನು ಸೇವಾ ಪುಸ್ತಕಕ್ಕೆ ಲಗತ್ತಿಸಲು ಬರುವುದಿಲ್ಲ.

ಮೂರು ದಶಕಗಳನ್ನು ಮೀರಿದ ನನ್ನ ನೌಕರಿಯಲ್ಲಿ ಸಿಬ್ಬಂದಿಯ ಕಡತಗಳನ್ನು ನೋಡಿಕೊಳ್ಳುವ ಕೆಲಸ ಬಹಳ ವರ್ಷ ನನ್ನ ಪಾಲಿಗಿತ್ತು. ಕೇಂದ್ರ ಸರ್ಕಾರದ ನೌಕರನ ಜನ್ಮದಿನಾಂಕವನ್ನು ತಿದ್ದಬೇಕಾದರೆ ಆತ ಸೇವೆಗೆ ಸೇರಿದ 5 ವರ್ಷಗಳೊಳಗೆ ಅರ್ಜಿ ಹಾಕಬೇಕು. ನಿಜವಾದ ತಪ್ಪು ನಡೆದಿದೆಯೆಂದು ಸ್ಥಾಪಿಸಬೇಕು. ತಿಂಗಳ 1ನೆಯ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗುತ್ತಾನೆ. ಮಾಸ್ತರರು ಜೂನ್ 2 ಎಂದು ಬರೆದಿದ್ದರೆ ನನಗೆ ಒಂದು ತಿಂಗಳ ಸಂಬಳ ಹೆಚ್ಚು ಸಿಗುತ್ತಿತ್ತು! ಇಷ್ಟು ಸಣ್ಣ ಲಾಭನಷ್ಟಕ್ಕಾಗಿ ನಮ್ಮ ಕಚೇರಿಗಳು ಶಾಲೆಗಳಿಗೆ ಪತ್ರ ಬರೆದು, ಮೂಲ ದಾಖಲೆ ತರಿಸಿ, ಮುದ್ರೆ ಸಹಿಗಳನ್ನು ತಾಳೆ ನೋಡುತ್ತವೆ. ಈ ಪೀಠಿಕೆಗೆ ಕಾರಣವಾದ ಮೊಕದ್ದಮೆ ನಮ್ಮ ಪುಣೆಯದೇ.

1994ರಲ್ಲಿ ನಾನು ಈ ಊರಿಗೆ ಹೊಸಬ. ಆ ವರ್ಷದ ಆಗಸ್ಟ್ 26ರಂದು ಪೌಡ್ ರಸ್ತೆಯ ಒಂದು ಮನೆಯಲ್ಲಿ ಐವರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಕೊಂದರು. ಹೆಂಗಸರಲ್ಲಿ ಒಬ್ಬಾಕೆ ಗರ್ಭಿಣಿ. ಉದ್ದೇಶ ದರೋಡೆ. ಜೋಶಿ-ಅಭ್ಯಂಕರ ಕೊಲೆಗಳ ಕಾಲದ ಭೀತಿಯನ್ನು ಕಂಡಿದ್ದ ಹಿರಿಯ ಪುಣೇಕರರು, ಆ ದಿನಗಳು ಮರಳಿ ಬಂದವೆಂದು ಮಾತಾಡಿಕೊಂಡರು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಬಾಗಿಲಿಗೆ ಎರಡನೆಯ ಅಗಳಿ ಹಾಕಿಸಿದರು. ಸೆಪ್ಟೆಂಬರಿನಲ್ಲಿ ರಾಜಸ್ಥಾನದಿಂದ ಹುಡುಗರನ್ನು ಹಿಡಿದು ತಂದಾಗ, ಅವರನ್ನು ಗಲ್ಲಿಗೇರಿಸಬೇಕೆಂದು ಕಚೇರಿಯ ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ನಾನೂ ಒಬ್ಬ. ಇದನ್ನು ಮುಚ್ಚಿಡುವುದಿಲ್ಲ.

ಆರೋಪಿಗಳು ಮೂವರು. ಒಬ್ಬ ಮಾಫಿ ಸಾಕ್ಷಿಯಾದ. ಉಳಿದಿಬ್ಬರಿಗೆ ಪುಣೆಯ ಸೆಷನ್ಸ್ ನ್ಯಾಯಾಲಯ 1998ರ ಫೆಬ್ರವರಿಯಲ್ಲಿ ಮರಣದಂಡನೆ ವಿಧಿಸಿತು. ಮುಂಬಯಿ ಉಚ್ಚ ನ್ಯಾಯಾಲಯ 1999ರಲ್ಲಿ, ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಅದನ್ನು ಎತ್ತಿಹಿಡಿದವು. ಪುನರ್‌ಪರಿಶೀಲನೆಯ ಅರ್ಜಿಯೂ ಅದೇ ವರ್ಷ ವಜಾ ಆಯಿತು. ಒಬ್ಬನ ಶಿಕ್ಷೆಯನ್ನು 2016ರಲ್ಲಿ ರಾಷ್ಟ್ರಪತಿಗಳು ಜೀವಾವಧಿಗೆ ಇಳಿಸಿದರು. ಇನ್ನೊಬ್ಬನ ಕಥೆಯೇ ಇಂದಿನ ನನ್ನ ವಿಷಯ. ಆತನ ಹೆಸರನ್ನು ನಾನು ಹೇಳುವುದಿಲ್ಲ. ಏಕೆ ಎಂಬುದು ಈಗಲೇ ತಿಳಿಯುತ್ತದೆ.

ವಿಚಾರಣೆಯ ಕಾಗದಗಳಲ್ಲಿ ಆತನ ವಯಸ್ಸು ಇಪ್ಪತ್ತರ ಮೇಲೆ ಎಂದು ನಮೂದಾಗಿತ್ತು. ಆತ ಓದಿದ್ದು ಬಿಕಾನೇರ್ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ. ಆ ಶಾಲೆಯ ದಾಖಲೆಯಲ್ಲಿ ಹೆಸರಿನ ರೂಪ ಬೇರೆ. ಜನ್ಮದಿನಾಂಕ 1982ರ ಫೆಬ್ರವರಿ 1. ಎಂದರೆ ಕೊಲೆಯಾದ ದಿನ ಆತನಿಗೆ ಹನ್ನೆರಡೂವರೆ ವರ್ಷ! ಅಂದು ಜಾರಿಯಲ್ಲಿದ್ದ 1986ರ ಕಾಯಿದೆಯ ಪ್ರಕಾರವೂ ಹದಿನಾರು ತುಂಬದ ಹುಡುಗ ಬಾಲಾಪರಾಧಿಯೇ. ಆತನಿಗೆ ಮರಣದಂಡನೆ ವಿಧಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇರಲಿಲ್ಲ. ತಾನು ಅಪ್ರಾಪ್ತ ವಯಸ್ಕನಾಗಿದ್ದೆನೆಂಬ ವಾದವನ್ನು ತೀರ್ಪು ಅಂತಿಮವಾದ ಮೇಲೂ ಯಾವ ಹಂತದಲ್ಲಾದರೂ ಎತ್ತಲು 2015ರ ಕಾಯಿದೆ ಅವಕಾಶ ಕೊಡುತ್ತದೆ. ಅದರ ಆಧಾರದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಪುಣೆಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಂದ ವರದಿ ಕೇಳಿತು. ಕೆಲವೇ ತಿಂಗಳಲ್ಲಿ ವರದಿ ಸಿದ್ಧವಾಯಿತು. ನ್ಯಾಯಮೂರ್ತಿ ಕೆ. ಎಂ. ಜೋಸೆಫ್, ಅನಿರುದ್ಧ ಬೋಸ್ ಮತ್ತು ಹೃಷಿಕೇಶ್ ರಾಯ್ ಅವರ ಪೀಠ ಅದನ್ನು ಒಪ್ಪಿ ಬಿಡುಗಡೆಯ ಆದೇಶ ಕೊಟ್ಟಿದ್ದು 2023ರ ಮಾರ್ಚ್ 27ರಂದು. ಕಾನೂನು ಆತನಿಗೆ ವಿಧಿಸಬಹುದಾಗಿದ್ದ ಗರಿಷ್ಠ ಅವಧಿ 3 ವರ್ಷ. ಆತ ಸೆರೆಯಲ್ಲಿ ಕಳೆದದ್ದು 28 ವರ್ಷಕ್ಕೂ ಹೆಚ್ಚು.

ಹನ್ನೆರಡರ ಹುಡುಗ ಇಂಥ ಘೋರ ಕೃತ್ಯ ಮಾಡಬಲ್ಲನೆ ಎಂಬ ಸಂಶಯ ನಿಮಗೆ ಬಂದಿರಬಹುದು. ನನಗೂ ಬಂತು. ಆ ಪ್ರಶ್ನೆ ನ್ಯಾಯಪೀಠದ ಮುಂದೆಯೂ ಇತ್ತು. ಆದರೆ ಕೃತ್ಯದ ಕ್ರೌರ್ಯವನ್ನು ಕಂಡು ವಯಸ್ಸನ್ನು ಊಹಿಸುವುದು ತೀರ್ಪಲ್ಲ. ದಾಖಲೆ ಸುಳ್ಳೆಂದು ಸಿದ್ಧಪಡಿಸಬೇಕಿತ್ತು, ಅದು ಆಗಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಬ್ಬ ಗುಮಾಸ್ತನ ನಿವೃತ್ತಿಯ ದಿನವನ್ನು ಗೊತ್ತುಮಾಡಲು ನಾವು ಶಾಲೆಗೆ ಬರೆಯುವ ಪತ್ರವನ್ನು, ಒಬ್ಬನ ಕುತ್ತಿಗೆಗೆ ಹಗ್ಗ ಹಾಕುವ ಮುನ್ನ ಏಕೆ ಬರೆಯಲಿಲ್ಲ? ಪೊಲೀಸರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಮೂರು ಹಂತದ ನ್ಯಾಯಾಲಯಗಳು. ಇಷ್ಟು ಮಂದಿಯ ಕೈದಾಟಿ ಹೋದ ಕಡತದಲ್ಲಿ ಆ ಒಂದು ಅಂಕಣವನ್ನು ಸಕಾಲದಲ್ಲಿ ಪರಿಶೀಲಿಸಿದವರಿಲ್ಲ.

ವಯಸ್ಸಿನ ಈ ಮಾತು ಕನ್ನಡ ಓದುಗರಿಗೆ ಹೊಸದಲ್ಲ. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದವರು ಕಯ್ಯೂರಿನ ರೈತರನ್ನು ಮರೆತಿರಲಾರರು. ಕಾಸರಗೋಡು ಸೀಮೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ ಅದು. ವಿಚಾರಣೆ ನಡೆದದ್ದು ಮಂಗಳೂರಿನಲ್ಲಿ. 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರನ್ನು ನೇಣಿಗೇರಿಸಿದರು. ಮರಣದಂಡನೆಯಾಗಿದ್ದ ಐದನೆಯವರು ಚೂರಿಕ್ಕಾಡನ್ ಕೃಷ್ಣನ್ ನಾಯರ್. ಅಪ್ರಾಪ್ತ ವಯಸ್ಕರೆಂಬ ಕಾರಣದಿಂದ ಅವರು ಉಳಿದರು. ಪರಕೀಯರ ಸರ್ಕಾರ, ಅದೂ ಯುದ್ಧಕಾಲದಲ್ಲಿ, ತನ್ನ ವೈರಿಗಳ ವಯಸ್ಸನ್ನು ಕೇಳಿತ್ತು. ಹಾಗೆಂದು ಆ ಆಡಳಿತವನ್ನು ಹೊಗಳುವ ಅಗತ್ಯವಿಲ್ಲ. ನಮ್ಮ ಯೆರವಡಾ ಜೈಲಿನಲ್ಲೇ 1931ರ ಜನವರಿ 12ರಂದು ಅದು ಸೊಲ್ಲಾಪುರದ ನಾಲ್ವರನ್ನು, ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು, ಗಲ್ಲಿಗೇರಿಸಿತು. ಗಾಂಧೀಜಿ ಆ ದಿನ ಅದೇ ಸೆರೆಮನೆಯಲ್ಲಿ ಬಂದಿಯಾಗಿದ್ದರು.

ಕಡತದ ಇನ್ನೊಂದು ಮಾತನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. 2007ರಲ್ಲಿ ಇದೇ ನಗರದಲ್ಲಿ ರಾತ್ರಿ ಪಾಳಿಗೆ ಹೊರಟ ತರುಣಿಯನ್ನು ಅವಳನ್ನು ಕರೆದೊಯ್ಯಬೇಕಾಗಿದ್ದ ಕ್ಯಾಬಿನ ಚಾಲಕನೂ ಅವನ ಗೆಳೆಯನೂ ಅತ್ಯಾಚಾರ ಮಾಡಿ ಕೊಂದರು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಲ್ಲು ಶಿಕ್ಷೆಯನ್ನು ಖಾಯಂ ಮಾಡಿತು. 2017ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿದರು. ಆಮೇಲೆ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತ, ನೇಣಿನ ದಿನ ಗೊತ್ತಾದದ್ದು 2019ರ ಜೂನ್ 24ಕ್ಕೆ. ಒಟ್ಟು ನಾಲ್ಕು ವರ್ಷ ಮೀರಿದ ವಿಳಂಬವನ್ನು ಎಣಿಸಿ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು 35 ವರ್ಷಗಳ ಸೆರೆವಾಸಕ್ಕೆ ಇಳಿಸಿತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ‘ಮಂಡಿಸಲಾಗಿದೆ’, ‘ಚರ್ಚಿಸಿರಿ’ ಎಂದು ಬರೆದು ಕಡತವನ್ನು ಹಿಂದಕ್ಕೆ ಕಳಿಸುವ ವಿದ್ಯೆಯನ್ನು ನಾನೂ ಬಲ್ಲೆ. ಆ ತೀರ್ಪನ್ನು ಓದಿದಾಗ ನನ್ನ ಸಹಿಯೇ ಅಲ್ಲಿ ಎಲ್ಲೋ ಇರಬಹುದೆಂಬ ಭಾವನೆ ಬಂತು.

ನಾನು ಈ ವಿಷಯ ಮಾತಾಡುವೆನೆಂದು ತಿಳಿದಾಗ ನೆರೆಮನೆಯ ಹಿರಿಯರೊಬ್ಬರು ಕೇಳಿದರು: “ರಾಯರೆ, ಏಳು ಹೆಣಗಳ ಲೆಕ್ಕ ಯಾರು ಕೊಡುತ್ತಾರೆ?” ನ್ಯಾಯವಾದ ಪ್ರಶ್ನೆ. ಹೆಂಗಸರನ್ನೂ ಮಕ್ಕಳನ್ನೂ ಒಂದೇ ದಿನ ಕಳೆದುಕೊಂಡ ಆ ಕುಟುಂಬಕ್ಕೆ ಇಪ್ಪತ್ತೆಂಟು ವರ್ಷಗಳ ನಂತರ, ಮೊದಲಿನದು ಸರಿಯಾಗಿರಲಿಲ್ಲ ಎಂದು ಹೇಳಿದಂತಾಯಿತು. ಮೊದಲ ವರ್ಷವೇ ಶಾಲೆಯ ದಾಖಲೆ ಬಂದಿದ್ದರೆ ಅವರಿಗೆ ಕಹಿಯಾದರೂ ಒಂದು ನಿಶ್ಚಿತ ಉತ್ತರ ಸಿಗುತ್ತಿತ್ತು. ಗಲ್ಲು ಶಿಕ್ಷೆ ಇರಬೇಕೆ ಬೇಡವೆ ಎಂಬ ವಾದದಲ್ಲಿ ನಾನು ಈಗ ‘ಬೇಡ’ ಎನ್ನುವವರ ಕಡೆ ಸರಿದಿದ್ದೇನೆ. ದಯೆ ಹೆಚ್ಚಾಗಿ ಅಲ್ಲ. ಕಡತಗಳನ್ನು ಹತ್ತಿರದಿಂದ ಬಲ್ಲೆ ಎಂಬ ಕಾರಣಕ್ಕೆ. ಆ ಹಿರಿಯರು ನನ್ನ ಮಾತನ್ನು ಒಪ್ಪಲಿಲ್ಲ. ಅವರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಇನ್ನು ನಮ್ಮ ಪಾಲಿನ ಮಾತು. ಪುಣೆಯಲ್ಲಿ ಕಟ್ಟಡ ಕಟ್ಟುವವರಲ್ಲಿ, ರಸ್ತೆ ಅಗೆಯುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ನಮ್ಮವರು ಎಷ್ಟಿದ್ದಾರೆಂಬುದು ನಿಮಗೆ ಗೊತ್ತು. ಅವರ ಹುಡುಗನೊಬ್ಬ ಠಾಣೆಯ ಮೆಟ್ಟಿಲು ಹತ್ತಿದರೆ ಮರಾಠಿ ಬರೆಯುವ ಹವಾಲ್ದಾರರು ಆತನ ಮುಖ ನೋಡಿ ವಯಸ್ಸು ಬರೆದುಕೊಂಡಾರು. ಹೆಸರು ಅವರ ಕಿವಿಗೆ ಬಿದ್ದಂತೆ. ಆತನ ಜೂನ್ 1 ಇರುವುದು ಯಾವುದೋ ತಾಲ್ಲೂಕಿನ ಕನ್ನಡ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಅದನ್ನು ತರಿಸಿ, ಮರಾಠಿಗೋ ಇಂಗ್ಲಿಷಿಗೋ ಅನುವಾದಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತಲುಪಿಸಲು ಎರಡೂ ಭಾಷೆ ಬಲ್ಲ ಐದಾರು ಜನ ಸಾಕು. ನಿವೃತ್ತ ಶಿಕ್ಷಕರಿದ್ದರೆ ಇನ್ನೂ ಒಳ್ಳೆಯದು. ಆ ಪುಸ್ತಕದ ಬರವಣಿಗೆ ಅವರಿಗೆ ಓದಲು ಬರುತ್ತದೆ. ನನ್ನ ಹೆಸರನ್ನು ಮೊದಲು ಬರೆದ ಒಂದು ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಚಹಾ ಕುಡಿಯುವ ಹೊತ್ತಿನಲ್ಲಿ ನೋಡಬಹುದು.